ಹೈಸ್ಕೂಲಿನ ನಾಟಕವೂ ಅದರ ನಿರಾಶೆಯೂ

ಹೈಸ್ಕೂಲುಗಳ ವಾರ್ಷಿಕೋತ್ಸವದಲ್ಲಿ ನಾಟಕವಿಲ್ಲದಿರುವುದು ಅಪೂರ್ವ. ಅದನ್ನು ನೋಡಿ ಹಿಂದಿರುಗುವ ಗೃಹಸ್ಥರು “ಪಾಪ, ಮಕ್ಕಳು ಚೆನ್ನಾಗಿಯೇ ಮಾಡಿದರು” ಎನ್ನದಿರುವುದೂ ಅಪೂರ್ವವೇ. ಆ ‘ಪಾಪ’ ಎಂಬ ಒಂದು ಮಾತಿನಲ್ಲಿ ವಿಮರ್ಶೆಯೆಲ್ಲ ಅಡಗಿದೆ. ನಾಟಕವು ಕಳೆಗಟ್ಟಲಿಲ್ಲವೆಂಬುದನ್ನು ಮಕ್ಕಳ ವಯಸ್ಸಿನ ಮೇಲೆ ಹೊರಿಸಿ ಸಭಿಕರು ಸಮಾಧಾನ ತಂದುಕೊಳ್ಳುತ್ತಾರೆ. ಆದರೆ ಅದೇ ಮಕ್ಕಳು ಮೇಷ್ಟರ ನಡಿಗೆಯನ್ನೂ ಕೆಮ್ಮನ್ನೂ ಬಯಲಿನಲ್ಲಿ ಅನುಕರಿಸುವುದನ್ನು ಕಂಡವರಾರೂ ಅವರಿಗೆ ಅಭಿನಯ ಬಾರದೆಂದು ಹೇಳಲಾರರು. ಕುಂದು ಬೇರೆಡೆ ಇದೆ.

ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ರಾಜರಾಣಿಯರೂ ದೇವಾಸುರರೂ ರಂಗವನ್ನಾಳುತ್ತಿದ್ದ ಕಾಲದಲ್ಲಿ, 1918ರ ಸುಮಾರಿಗೆ, ಸಾಮಾನ್ಯ ಸಂಸಾರವೊಂದರ ನಡುಮನೆಯನ್ನು ತಂದು ಸಭಿಕರ ಮುಂದಿಟ್ಟ ಕೃತಿಯದು. ಪಾತ್ರಗಳು ಕೆಲವೇ, ಪರದೆ, ಕಿರೀಟಗಳ ಖರ್ಚಿಲ್ಲ. ಹೈಸ್ಕೂಲುಗಳಿಗೆ ಒಪ್ಪುವ ನಾಟಕವೇ ಸರಿ. ಅದರ ಹುರುಳೂ ಶಾಲೆಗೇ ಸಂಬಂಧಪಟ್ಟದ್ದು: ಪುಸ್ತಕವನ್ನು ಉರುಹೊಡೆದು ಪರೀಕ್ಷೆಯಲ್ಲಿ ಮೇಲೆನಿಸಿಕೊಂಡ ಮಗನೊಬ್ಬ, ಓದಿನಲ್ಲಿ ಹಿಂದುಳಿದರೂ ಮನೆಯವರ ಕಷ್ಟಕ್ಕಾಗುವ ಮಗನೊಬ್ಬ, ಮನೆಗೆ ಬೆಂಕಿ ಬಿದ್ದ ಗಳಿಗೆಯಲ್ಲಿ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ.

ಇಂಥ ನಾಟಕವನ್ನು ಶಾಲೆ ಆಡಿಸುವ ಬಗೆಯನ್ನು ನೋಡಬೇಕು. ಗಟ್ಟಿಯ ಪಾತ್ರವು ತರಗತಿಗೆ ಮೊದಲಿಗನಾದ ಹುಡುಗನಿಗೆ ಹೋಗುತ್ತದೆ. ಏಕೆಂದರೆ ಮಾತನ್ನು ಬೇಗ ಬಾಯಿಪಾಠ ಮಾಡುವವನು ಅವನೇ. ನಿಜವಾಗಿ ಆ ಪಾತ್ರದ ಮರ್ಮವನ್ನು ಬಲ್ಲವನು, ಹಿಂದಿನ ಬೆಂಚಿನವನು, ಬೆಂಚು ಹೊರುವುದಕ್ಕೂ ತೆರೆಯೆಳೆಯುವುದಕ್ಕೂ ನೇಮಕವಾಗುತ್ತಾನೆ. ಉರುಹೊಡೆಯುವುದನ್ನು ಹಾಸ್ಯಮಾಡುವ ನಾಟಕವನ್ನು ಉರುಹೊಡೆದೇ ಒಪ್ಪಿಸುತ್ತಾರೆ. ಕೈಲಾಸಂ ಅವರು ಇದನ್ನು ಕಂಡಿದ್ದರೆ ಇನ್ನೊಂದು ಪ್ರಹಸನವನ್ನು ಬರೆಯುತ್ತಿದ್ದರೋ ಏನೋ! ಭಾಷೆಯ ತೊಡಕು ಬೇರೆ. ಕೈಲಾಸಂ ಅವರ ಮಾತು ಇಂಗ್ಲಿಷು ಬೆರೆತ ಬೆಂಗಳೂರು ಕಡೆಯ ಮನೆಮಾತು. ಅದನ್ನು ವಿಜಯಪುರದ ಹುಡುಗನೊಬ್ಬನು ಶ್ರಮಪಟ್ಟು ಕಲಿತೊಪ್ಪಿಸಿದಾಗ ನಾಲಗೆಯ ಕಸರತ್ತು ಕಾಣುವುದೇ ಹೊರತು ಮನುಷ್ಯನು ಕಾಣುವುದಿಲ್ಲ. ಅವನ ಊರಿನ ಮಾತಿಗೆ ಹತ್ತಿರವಾದ ಶ್ರೀರಂಗರ ಏಕಾಂಕಗಳಿದ್ದುವಲ್ಲ ಎಂದು ಯಾರಿಗೂ ತೋರುವುದಿಲ್ಲ.

ಈಚೆಗೆ ಇದಕ್ಕಿಂತ ದೊಡ್ಡ ಕೇಡೊಂದು ಬಂದಿದೆ. ಮಾತುಗಳನ್ನೆಲ್ಲ ಮೊದಲೇ ಧ್ವನಿಮುದ್ರಿಸಿಕೊಂಡು, ಆ ದಿನ ಯಂತ್ರವು ನುಡಿಯುವಾಗ ಮಕ್ಕಳು ತುಟಿಯನ್ನಷ್ಟೆ ಆಡಿಸುವ ಪದ್ಧತಿಯಿದು. ತಪ್ಪಾಗಕೂಡದೆಂಬುದು ಇದರ ಸಮರ್ಥನೆ. ತಪ್ಪೇನೋ ಆಗುವುದಿಲ್ಲ, ಆದರೆ ನಾಟಕವೂ ಆಗುವುದಿಲ್ಲ. ಮಾತು ಮರೆತ ಹುಡುಗಿಯೊಬ್ಬಳು ಕಂಗೆಟ್ಟು ನಿಂತು, ಜೊತೆಯವಳು ಹೊಸ ಮಾತೊಂದನ್ನು ಹೂಡಿ ಅವಳನ್ನು ಕೈಹಿಡಿದೆತ್ತುವುದುಂಟಲ್ಲ, ರಂಗವು ಮಕ್ಕಳಿಗೆ ಕಲಿಸತಕ್ಕದ್ದು ಅದನ್ನೇ. ಆ ಅವಕಾಶವನ್ನು ಯಂತ್ರವು ನುಂಗಿಬಿಡುತ್ತದೆ.

ಕಾಲಾವಕಾಶದ ಮಾತೂ ಉಂಟು. ಹತ್ತನೆಯ ತರಗತಿಯವರಿಗೆ ಪರೀಕ್ಷೆಯ ಭಯ. ಆದುದರಿಂದ ಅನೇಕ ಶಾಲೆಗಳು ಅವರನ್ನು ನಾಟಕದ ಹತ್ತಿರಕ್ಕೇ ಬಿಡುವುದಿಲ್ಲ. ಉಳಿದವರಿಗೆ ಹತ್ತು ಹದಿನೈದು ದಿನಗಳ ಅಭ್ಯಾಸ, ಅದೂ ಗಣಿತದ ಮೇಷ್ಟರಿಗೆ ಬಿಡುವಾದಾಗ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ರಂಗಕಲೆಯೂ ಸೇರಿದಂತೆ ಕಲೆಗಳನ್ನು ಹತ್ತನೆಯ ತರಗತಿಯವರೆಗೆ ಪಾಠವಾಗಿಯೇ ಕಲಿಸಬೇಕೆಂದು ಹೇಳಿತು. ಕರ್ಣಾಟಕದ ಕೆಲವು ಸರ್ಕಾರೀ ಪ್ರೌಢಶಾಲೆಗಳಿಗೆ ನಾಟಕದ ಅಧ್ಯಾಪಕರೂ ಬಂದರು. ಮಿಕ್ಕೆಡೆ ಅದು ಕಾಗದದ ಮಾತು.

ಬೇರೆ ದಾರಿಯಿಲ್ಲವೆಂದಲ್ಲ. ರವೀಂದ್ರರು 1908ರಲ್ಲಿ ‘ಶಾರದೋತ್ಸವ’ವನ್ನು ತಮ್ಮ ಶಾಲೆಯ ಹುಡುಗರಿಗಾಗಿಯೇ ರಚಿಸಿದರು, ಗುರುಗಳೂ ಶಿಷ್ಯರೂ ಕೂಡಿ ಅಭಿನಯಿಸಿದರು. ಉಡುಪಿಯ ಸೀಮೆಯ ಹೈಸ್ಕೂಲುಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟು ಗುರುಗಳನ್ನು ಗೊತ್ತುಮಾಡಿ, ತಿಂಗಳುಗಟ್ಟಲೆ ಹೆಜ್ಜೆ, ತಾಳ, ಮಾತುಗಳನ್ನು ಹೇಳಿಕೊಡಿಸಿ, ಆಮೇಲೆ ಪ್ರಸಂಗವನ್ನು ಆಡಿಸುತ್ತದೆ. ಅಲ್ಲಿಯ ಮಕ್ಕಳು ತಪ್ಪಿದರೂ ಸಭಿಕರ ಬಾಯಲ್ಲಿ ‘ಪಾಪ’ ಎಂಬ ಮಾತು ಬರುವುದಿಲ್ಲ.

ಇನ್ನು, ಪಾತ್ರ ಸಿಕ್ಕದ ಮಕ್ಕಳ ವಿಷಯ. ಬಹುಮಂದಿಗೆ ರಂಗವನ್ನೇರುವ ಅವಕಾಶ ಬಾಳಿನಲ್ಲಿ ಒಮ್ಮೆ, ಹೈಸ್ಕೂಲಿನಲ್ಲಿ ಮಾತ್ರ, ಬರುತ್ತದೆ. ಆಗ ಮರವಾಗಿಯೋ ದ್ವಾರಪಾಲಕನಾಗಿಯೋ ನಿಂತು ಬಂದವನು ಮುಂದೆ ನಾಟಕವೆಂದರೆ ಮುಖ ತಿರುಗಿಸಿದರೆ ಆಶ್ಚರ್ಯವೇನು? ಕುವೆಂಪು ಅವರ ‘ಕಿಂದರಿಜೋಗಿ’ಯನ್ನು ರಂಗಕ್ಕೆ ತರುವ ಶಾಲೆಗಳಿಗೆ ಈ ಕಷ್ಟವಿಲ್ಲ. ಅಲ್ಲಿ ಇಡೀ ತರಗತಿಯೇ ಇಲಿಯಾಗಬಹುದು. ಪ್ರತಿಯೊಂದು ಇಲಿಗೂ ಹಾರುವ, ಕಡಿಯುವ, ನುಸುಳುವ ಕೆಲಸವುಂಟು. ಜೋಗಿ ಬೆಟ್ಟದೊಳಕ್ಕೆ ಹೋದಮೇಲೆ ಹಿಂದುಳಿಯುವ ಕುಂಟ ಹುಡುಗನ ಪಾತ್ರವನ್ನು ಯಾರಿಗೆ ಕೊಡುತ್ತಾರೆಂಬುದನ್ನು ನೋಡಿದರೆ ಆ ಶಾಲೆಯ ಮೇಷ್ಟರ ರಸಿಕತೆ ಎಷ್ಟೆಂಬುದು ಗೊತ್ತಾಗುತ್ತದೆ.