ಪಾಳಿ ಹಚ್ಚಿಸಿ ಅಳೆದ ನೆನಪು

ಸವದತ್ತಿ, ರಾಮದುರ್ಗ ಕಡೆಯ ಹಿರಿಯರಿಗೆ ಮರೆವು ಜಾಸ್ತಿಯಾದರೆ ಧಾರವಾಡದ ಆಸ್ಪತ್ರೆಗೆ ಹೊರಡಿಸುತ್ತಾರೆ. ನಸುಕಿನ ಬಸ್ಸು, ಅರೆಬರೆ ನಾಷ್ಟಾ, ಚೀಟಿಯ ಪಾಳಿ, ಪಕ್ಕದಲ್ಲೇ "ಎಲ್ಲಾ ಮರೀತಾಳ್ರಿ" ಎನ್ನುವ ಮಗ. ಆಮೇಲೆ ಪ್ರಶ್ನೆ: "ಆಯಿ, ಇವತ್ತ ತಾರೀಖ ಎಷ್ಟು?"

"ತಾರೀಖ ಗೊತ್ತಿಲ್ಲೋ ಯಪ್ಪಾ. ನಾಡದ ಭಾರತ ಹುಣ್ಣಿವಿ ಐತಿ."

ಅಂಕ ಸೊನ್ನೆ. ಆ ಹುಣ್ಣಿಮೆಯ ಎಲ್ಲಮ್ಮನ ಗುಡ್ಡದ ಜಾತ್ರೆಗೆ ದಿನ ಎಣಿಸುತ್ತಿರುವಾಕೆಗೆ ಕಾಲದ ಪರಿವೆಯಿಲ್ಲವಂತೆ!

ಈ 30 ಅಂಕಗಳ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಸಿದ್ಧವಾದದ್ದು. ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಒಂದು ವಾಕ್ಯ ಬರೆಯಬೇಕು. ಶಾಲೆ ಕಾಣದವರಿಗೆ ಇದು ಒಗ್ಗದೆಂದು ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ತಿದ್ದಿ ಹಿಂದಿ ರೂಪ ಮಾಡಿದರು. ಅದರಲ್ಲಿ ಬರೆಯುವ ಬದಲು ಮನೆಯ ಬಗ್ಗೆ ಏನಾದರೂ ಹೇಳಿದರಾಯಿತು. ಜಾಣತನದ ತಿದ್ದುಪಡಿ. ಆದರೆ ತಿದ್ದಿದ್ದು ಪ್ರಶ್ನೆಗಳನ್ನಷ್ಟೇ. ಆಸ್ಪತ್ರೆಯಲ್ಲಿ ಕೇಳುವ ಜಾಗ, ಹೊತ್ತು, ದನಿ ಹಾಗೇ ಉಳಿದವು. ನನ್ನ ತಕರಾರು ಇದರ ಮೇಲೆಯೇ.

ಗಾಬರಿಯಾದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ಹರಿಸುತ್ತದೆ. ಹೊಸ ನೆನಪು ಕೂಡಿಡುವ ಮಿದುಳಿನ ಭಾಗ ಹಿಪೊಕ್ಯಾಂಪಸ್ ಅದನ್ನು ಬೇಗ ಹಿಡಿಯುತ್ತದೆ. ವಿಜ್ಞಾನಿ ಬ್ರೂಸ್ ಮೆಕ್‌ಯುವೆನ್ 1968ರಲ್ಲೇ ಇಲಿಗಳ ಮಿದುಳಿನಲ್ಲಿ ಇಂಥದ್ದನ್ನೇ ಕಂಡಿದ್ದರು. ಗಾಬರಿಯಲ್ಲಿ ಗೊತ್ತಿದ್ದ ಹೆಸರೂ ನಾಲಿಗೆಗೆ ಬಾರದಿದ್ದೀತು. ಕೆನಡಾದ ಸೋನಿಯಾ ಲೂಪಿಯನ್ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಗ್ಗದ ಜಾಗ, ಒಗ್ಗದ ಹೊತ್ತಿನಲ್ಲಿ ಪರೀಕ್ಷೆಗೆ ಕೂತ ಹಿರಿಯರಲ್ಲಿ ಕಾರ್ಟಿಸಾಲ್ ಏರಿತ್ತು, ನೆನಪು ಸೋತಿತ್ತು. ಹಾಗಾದರೆ ಆ ಅಂಕ ಮರೆವಿನದೋ, ಪಾಳಿಯದೋ?

ಚಿಂತೆಯಿಂದ ನಿಜವಾದ ಹಾನಿಯೇ ಇಲ್ಲವೆಂದಲ್ಲ. ಇದೇ ತಂಡದ 1998ರ ವರದಿಯಲ್ಲಿ, ವರ್ಷಗಟ್ಟಲೆ ಕಾರ್ಟಿಸಾಲ್ ಏರುತ್ತಲೇ ಹೋದವರ ಹಿಪೊಕ್ಯಾಂಪಸ್ ಉಳಿದವರದಕ್ಕಿಂತ ಶೇ. 14ರಷ್ಟು ಚಿಕ್ಕದಿತ್ತು. ಗುಂಪು ಬಹಳ ಸಣ್ಣದು, ಅದನ್ನೇ ಗಟ್ಟಿ ತೀರ್ಪೆನ್ನಲಾಗದು. ಆದರೂ ಅಲ್ಲಿ ನೋಡಿದ್ದು ಒಂದು ಬೆಳಗಿನ ಅಂಕವನ್ನಲ್ಲ, ಹಲವು ವರ್ಷಗಳ ಏರಿಳಿತವನ್ನು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಹಳ್ಳಿಗರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ ಬಂದಿರುವುದೂ ಇದೇ ದಾರಿಯಲ್ಲಿ.

ತಿದ್ದಿದ ಪ್ರಶ್ನೆಗೂ ತೊಡಕುಂಟು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿ ರಾಮದುರ್ಗದ ಹಳ್ಳಿಗಳಿಗೆ ನುಗ್ಗಿತು. ಗೋಡೆ ಕುಸಿದು ಮಗನ ಮನೆ, ಮಗಳ ಮನೆ ಅಲೆದವರಿಗೆ "ನಿಮ್ಮ ಮನೆ ಬಗ್ಗೆ ಹೇಳ್ರಿ" ಎಂದರೆ ಮಾತು ಹೊರಡದಿದ್ದೀತು. ಆ ಮೌನಕ್ಕೂ ಅಂಕ ಕಳೆಯುತ್ತಾರೆ. ಇದಕ್ಕಿಂತ ಆಶಾ ಕಾರ್ಯಕರ್ತೆ ಅವರದೇ ಕಟ್ಟೆಯ ಮೇಲೆ ಕೂತು ಮೊದಲು ನಿದ್ದೆ, ಊಟ, ಸಾಲದ ಮಾತಾಡಿ, ಆಮೇಲೆ ನೆನಪನ್ನು ಕೇಳಲಿ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಲಿ. ಡಿಮೆನ್ಶಿಯಾ ಎಂದು ಚೀಟಿಯಲ್ಲಿ ಬರೆಯುವುದಿದ್ದರೆ ಆಮೇಲೆ ಬರೆಯಬಹುದು.