ಹುಳುವಿನ ಎದುರು ಹುಳು: ಜೈವಿಕ ನಿಯಂತ್ರಣದ ಸಾಧನೆ ಮತ್ತು ಕೊರತೆ

ಬೆಳೆ ತಿನ್ನುವ ಕೀಟವನ್ನು ಅದರ ಸಹಜ ಶತ್ರುವಿನಿಂದಲೇ ಹತೋಟಿಗೆ ತರುವ ಜೈವಿಕ ನಿಯಂತ್ರಣಕ್ಕೆ ಬೆಂಗಳೂರು ಬಹುಕಾಲದಿಂದ ನೆಲೆಯಾಗಿದೆ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆ ತನ್ನ ಭಾರತೀಯ ಕೇಂದ್ರವನ್ನು 1957ರಲ್ಲಿ ಇಲ್ಲಿಯೇ ತೆರೆಯಿತು. ಇಂದು ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಆ ಕೆಲಸವನ್ನು ಮುಂದುವರಿಸುತ್ತಿದೆ. ಇಷ್ಟು ವರ್ಷಗಳ ಈ ವಿದ್ಯೆ ನಮ್ಮ ಹೊಲಗಳಿಗೆ ಏನು ಕೊಟ್ಟಿದೆ, ಎಲ್ಲಿ ಸೋತಿದೆ ಎಂದು ತೂಗಿ ನೋಡಬೇಕಾದ ಕಾಲ ಇದು. ಕೀಟವನ್ನು ಅರಿಯುವುದರಲ್ಲಿ ನಮ್ಮ ವಿಜ್ಞಾನಿಗಳು ಗೆದ್ದಿದ್ದಾರೆ. ಆ ಅರಿವನ್ನು ರೈತನ ಕೈಗೆ ತಲುಪಿಸುವುದರಲ್ಲಿ ನಮ್ಮ ವ್ಯವಸ್ಥೆ ಸೋತಿದೆ. ಇದು ನನ್ನ ಅಭಿಪ್ರಾಯ.

ಗೆಲುವಿಗೆ ಅತ್ಯುತ್ತಮ ಉದಾಹರಣೆ ಪಪ್ಪಾಯದ ಹಿಟ್ಟು ತಿಗಣೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಈ ಕೀಟ 2008ರಲ್ಲಿ ಕೊಯಮತ್ತೂರಿನ ಕಡೆ ಮೊದಲು ಕಾಣಿಸಿಕೊಂಡಿತು. ಪಪ್ಪಾಯ, ಮರಗೆಣಸು, ದಾಸವಾಳಗಳ ಜೊತೆಗೆ ರೇಷ್ಮೆ ಬೆಳೆಗಾರರ ಜೀವಾಳವಾದ ಹಿಪ್ಪುನೇರಳೆಗೂ ಅಂಟಿಕೊಂಡಿತು. ಮೈಮೇಲೆ ಬಿಳಿ ಮೇಣದ ಹೊದಿಕೆ ಇರುವುದರಿಂದ ಸಿಂಪಡಣೆ ಅದಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಹಿಪ್ಪುನೇರಳೆಗೆ ವಿಷ ಹೊಡೆದರೆ ಆ ಸೊಪ್ಪು ತಿಂದ ರೇಷ್ಮೆಹುಳುವೇ ಸಾಯುವ ಭಯ ಬೇರೆ. ಆಗ ವಿಜ್ಞಾನಿಗಳು ಕೀಟದ ತವರಿನತ್ತ ನೋಡಿದರು. ಅಲ್ಲಿ ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಮೂರು ಜಾತಿಯ ಪುಟ್ಟ ಪರಾವಲಂಬಿ ಕಣಜಗಳನ್ನು ಪೋರ್ಟೊರಿಕೊದಿಂದ ತರಿಸಿ, ಬೆಂಗಳೂರಿನಲ್ಲಿ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, 2010ರಲ್ಲಿ ಹೊಲಗಳಿಗೆ ಬಿಟ್ಟರು. ಇವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬ ಕಣಜ ಎಲ್ಲಕ್ಕಿಂತ ಚೆನ್ನಾಗಿ ನೆಲೆಯೂರಿತು. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಒಡೆದು ಬಂದ ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಮುಗಿಸುತ್ತದೆ. ಕಣಜ ಬಿಟ್ಟ ತೋಟಗಳಲ್ಲಿ ಕೆಲವೇ ತಿಂಗಳಲ್ಲಿ ಹಾವಳಿ ತಗ್ಗಿತು. ರೈತ ಮಾಡಬೇಕಾಗಿದ್ದದ್ದು ಒಂದೇ: ವಿಷ ಸಿಂಪಡಿಸದೆ ಕಾಯುವುದು.

ಎಲ್ಲ ಪ್ರಯೋಗಗಳೂ ಹೀಗೆ ಪೂರ್ಣ ಗೆಲ್ಲಲಿಲ್ಲ. ಕಾಂಗ್ರೆಸ್ ಗಿಡವೆಂದು ನಾವು ಕರೆಯುವ ಪಾರ್ಥೇನಿಯಂ ವಿರುದ್ಧ ಮೆಕ್ಸಿಕೊದ ಜೈಗೋಗ್ರಾಮ ದುಂಬಿಯನ್ನು ಬೆಂಗಳೂರಿಗೆ ತಂದು, 1984ರಲ್ಲಿ ಬಿಡಲಾಯಿತು. ಬಿಡುವ ಮುನ್ನ ಅದು ನಮ್ಮ ಬೆಳೆಗಳನ್ನು ತಿನ್ನುತ್ತದೆಯೇ ಎಂದು ಹತ್ತಾರು ಗಿಡಗಳ ಮೇಲೆ ಪರೀಕ್ಷೆ ನಡೆದಿತ್ತು. ಕೆಲವು ವರ್ಷಗಳಲ್ಲಿ ಅದರ ಸಂಖ್ಯೆ ಏರಿ, ಮಳೆಗಾಲದಲ್ಲಿ ನಗರದ ಖಾಲಿ ಜಾಗಗಳ ಪಾರ್ಥೇನಿಯಂ ಎಲೆಯಿಲ್ಲದೆ ನಿಂತದ್ದೂ ಉಂಟು. ಆದರೆ ದುಂಬಿ ಬೇಸಿಗೆಯಲ್ಲಿ ಮಣ್ಣಿನೊಳಗೆ ಸೇರಿ ನಿದ್ದೆ ಹೋಗುತ್ತದೆ. ಕಳೆಯ ಬೀಜಕ್ಕೋ ಸ್ವಲ್ಪ ತೇವ ಸಿಕ್ಕರೆ ಯಾವ ತಿಂಗಳಾದರೂ ಸರಿ. ಆದ್ದರಿಂದ ಹತೋಟಿ ಅರ್ಧಕ್ಕೇ ನಿಂತಿತು. 1991ರಲ್ಲಿ ದುಂಬಿ ಸೂರ್ಯಕಾಂತಿಯ ಎಲೆ ಕಡಿದದ್ದು ವರದಿಯಾದಾಗ ಗಾಬರಿ ಹುಟ್ಟಿತು, ಬಿಡುಗಡೆ ನಿಂತಿತು. ಅದು ಸೂರ್ಯಕಾಂತಿಯ ಮೇಲೆ ವಂಶ ಬೆಳೆಸಿ ಪಿಡುಗಾಗುವುದಿಲ್ಲ ಎಂಬುದು ಆಮೇಲಿನ ಅಧ್ಯಯನಗಳಿಂದ ತಿಳಿಯಿತು. ಈ ಪ್ರಸಂಗದಲ್ಲಿ ನನಗೆ ಗೌರವ ಮೂಡಿಸುವುದು ಅನುಮಾನ ಬಂದಾಗ ನಿಂತು ಮತ್ತೆ ಪರೀಕ್ಷಿಸಿದ ಶಿಸ್ತು. 1935ರಲ್ಲಿ ಆಸ್ಟ್ರೇಲಿಯಾ ಕಬ್ಬಿನ ದುಂಬಿಗಳನ್ನು ತಿನ್ನಲೆಂದು ಕಪ್ಪೆಯೊಂದನ್ನು ತಂದು, ಅದೇ ದೇಶಕ್ಕೆ ಪಿಡುಗಾಗಿಸಿಕೊಂಡದ್ದು ಇಂಥ ಶಿಸ್ತು ಇಲ್ಲದ್ದರಿಂದ. ಸಹಜವಾದದ್ದೆಲ್ಲ ನಿರಪಾಯಕಾರಿ ಎಂಬ ನಂಬಿಕೆ ಜೈವಿಕ ನಿಯಂತ್ರಣದ ಅಭಿಮಾನಿಗಳಲ್ಲೂ ಇರಬಾರದು.

2002ರಲ್ಲಿ ಸಾಂಗ್ಲಿಯ ಕಡೆಯಿಂದ ಬೆಳಗಾವಿ, ಬಾಗಲಕೋಟೆಗಳಿಗೆ ಹಬ್ಬಿದ ಕಬ್ಬಿನ ಬಿಳಿ ಉಣ್ಣೆ ಹೇನಿನ ಕಥೆ ಇನ್ನೊಂದು ಬಗೆಯದು. ಆಳೆತ್ತರ ದಾಟಿದ ಕಬ್ಬಿನೊಳಗೆ ಹೊಕ್ಕು ಸಿಂಪಡಿಸುವುದು ದುಸ್ತರ. ಆಗ ನೆರವಿಗೆ ಬಂದದ್ದು ನಮ್ಮ ಹೊಲದಲ್ಲೇ ಇದ್ದ ಡಿಫಾ ಎಂಬ ಪತಂಗದ ಮರಿಹುಳು ಮತ್ತು ಮೈಕ್ರೋಮಸ್ ಎಂಬ ಪರಭಕ್ಷಕ ಕೀಟ. ಡಿಫಾ ಮರಿಗಳಿರುವ ಕಬ್ಬಿನ ಗರಿಯನ್ನು ಕತ್ತರಿಸಿ ಹೇನು ಬಿದ್ದ ಇನ್ನೊಂದು ಹೊಲಕ್ಕೆ ಕಟ್ಟುವುದು ರೈತನೇ ಮಾಡಬಲ್ಲ ಕೆಲಸ. ಅದಕ್ಕೆ ಆತ ಹೇನನ್ನೂ ಹೇನು ತಿನ್ನುವ ಹುಳುವನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಕೀಟವಿಜ್ಞಾನ ಪ್ರಯೋಗಾಲಯದಿಂದ ಹೊಲಕ್ಕೆ ಇಳಿಯುವುದೆಂದರೆ ಇದೇ.

ಈ ಇಳಿಯುವಿಕೆ ಉಳಿದ ಕಡೆ ಆಗಲಿಲ್ಲ ಎಂಬುದೇ ನನ್ನ ದೂರು. 2018ರಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗದ ಕೃಷಿ ವಿಜ್ಞಾನಿಗಳು. ತಲೆಯ ಮೇಲೆ ತಿರುಗಿಸಿಟ್ಟ ಇಂಗ್ಲಿಷ್ ವೈ ಅಕ್ಷರದಂಥ ಗುರುತು, ಬಾಲದ ಬಳಿ ಚೌಕದಂತೆ ನಾಲ್ಕು ಚುಕ್ಕಿ: ಇಷ್ಟನ್ನು ಯಾವ ರೈತನಾದರೂ ಕಲಿಯಬಹುದು. ಈ ಹುಳುವಿನ ಮೊಟ್ಟೆಯನ್ನು ನಾಶಮಾಡುವ ಟೆಲಿನೊಮಸ್, ಟ್ರೈಕೋಗ್ರಾಮ ಕಣಜಗಳು, ಹುಳುವಿಗೆ ರೋಗ ತರುವ ಮೆಟರೈಜಿಯಂ ರಿಲೇಯಿ ಎಂಬ ಶಿಲೀಂಧ್ರ ನಮ್ಮಲ್ಲೇ ಇವೆ. ಆದರೆ ಮೆಕ್ಕೆಜೋಳದ ಸುಳಿಯಲ್ಲಿ ಹುಳು ಕಂಡ ದಿನ ರೈತ ಓಡುವುದು ಕೀಟನಾಶಕದ ಅಂಗಡಿಗೆ. ಅಂಗಡಿ ಹತ್ತಿರದಲ್ಲಿದೆ, ಸಾಲ ಕೊಡುತ್ತದೆ, ಡಬ್ಬಿ ವರ್ಷಗಟ್ಟಲೆ ಕೆಡುವುದಿಲ್ಲ. ಟ್ರೈಕೋಗ್ರಾಮ ಕಣಜಗಳನ್ನು ಹೊಲಕ್ಕೆ ಒಯ್ಯುವ ಟ್ರೈಕೋಕಾರ್ಡ್ ಹಾಗಲ್ಲ. ಅದಕ್ಕೆ ಅಂಟಿಸಿದ ಮೊಟ್ಟೆಗಳಿಂದ ಕಣಜಗಳು ಕೆಲವೇ ದಿನಗಳಲ್ಲಿ ಹೊರಬರುತ್ತವೆ. ಅಷ್ಟರೊಳಗೆ ಕಾರ್ಡು ಹೊಲ ಸೇರಬೇಕು, ಅದೂ ಪತಂಗ ಮೊಟ್ಟೆ ಇಡುವ ಹೊತ್ತಿಗೆ. ಹುಳು ಸುಳಿ ಹೊಕ್ಕ ಮೇಲೆ ಕಾರ್ಡು ಕಟ್ಟಿ ಫಲವಿಲ್ಲ. ಹೋಬಳಿ ಮಟ್ಟದಲ್ಲಿ ಸಾಕಣೆಯ ಘಟಕವೂ ಸಕಾಲದ ಸೂಚನೆಯೂ ಇಲ್ಲದಿದ್ದರೆ ಈ ವಿದ್ಯೆ ಕೈಪಿಡಿಯ ಪುಟದಲ್ಲೇ ಉಳಿಯುತ್ತದೆ.

ತಡವಾದ ತಿಳಿವಳಿಕೆಗೆ ತೆರುವ ಬೆಲೆ ಬೆಳೆಯಷ್ಟೇ ಅಲ್ಲ. 2017ರಲ್ಲಿ ವಿದರ್ಭದ ಯವತ್ಮಾಳದ ಹತ್ತಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುವಾಗ ವಿಷವೇರಿ ರೈತರು, ಕೂಲಿಗಳು ಸತ್ತರು. ಹುಳುವನ್ನು ಅರಿಯದೆ ಹೊಡೆದ ವಿಷ ಅದರ ಶತ್ರುಗಳನ್ನೂ ಕೊಲ್ಲುತ್ತದೆ, ಮಿತ್ರಕೀಟಗಳಿಲ್ಲದ ಹೊಲದಲ್ಲಿ ಪಿಡುಗು ಮತ್ತೆ ಹೆಚ್ಚುತ್ತದೆ, ಸಿಂಪಡಣೆಯೂ ಹೆಚ್ಚುತ್ತದೆ. ಈ ಸುಳಿಯಿಂದ ಹೊರಬರುವ ದಾರಿ ಜೈವಿಕ ನಿಯಂತ್ರಣಕ್ಕೆ ಗೊತ್ತಿದೆ.

ಹಾಗಾಗಿ ನನ್ನ ಒತ್ತಾಯ ಮೂರು. ರೈತ ಸಂಪರ್ಕ ಕೇಂದ್ರಗಳಲ್ಲಿ ಕೀಟನಾಶಕದಷ್ಟೇ ಸುಲಭವಾಗಿ, ಗುಣಮಟ್ಟ ಪರೀಕ್ಷಿಸಿದ ಮಿತ್ರಕೀಟಗಳೂ ಸಿಗಬೇಕು. ಬಿಟ್ಟ ಕೀಟ ನೆಲೆಯೂರಿತೇ, ಎಷ್ಟು ಉಪಕಾರವಾಯಿತು ಎಂಬ ಲೆಕ್ಕ ವರ್ಷವರ್ಷವೂ ಜನರ ಮುಂದೆ ಬರಬೇಕು. ಹಳ್ಳಿಯ ಶಾಲೆಯ ಮಕ್ಕಳಿಗೆ ಹೊಲದ ಹತ್ತು ಮಿತ್ರಕೀಟಗಳಾದರೂ ಕಣ್ಣಿಗೆ ಪರಿಚಯವಾಗಿರಬೇಕು. ಕೀಟವನ್ನು ಗುರುತಿಸಬಲ್ಲ ರೈತನಿಗೆ ಸಿಂಪಡಿಸದೆ ಕಾಯುವ ಧೈರ್ಯ ಬರುತ್ತದೆ. ಆ ಧೈರ್ಯವನ್ನು ಕಟ್ಟಿಕೊಡುವ ಹೊಣೆ ಕೃಷಿ ಇಲಾಖೆಯದು, ವಿಶ್ವವಿದ್ಯಾಲಯಗಳದು. ಅದನ್ನು ಹಕ್ಕಿನಿಂದ ಕೇಳುವ ಕೆಲಸ ನಮ್ಮೆಲ್ಲರದು.