ತಂತಿಯನ್ನು ವಿಚಾರಿಸದ ವಿದ್ಯುತ್ತು

ಹಳೆಯ ಲ್ಯಾಂಡ್‌ಲೈನ್ ಫೋನಿಗೆ ಗೋಡೆಯ ಪ್ಲಗ್ ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಹೊರಟ 48 ವೋಲ್ಟ್, ಮಾತು ಹರಿಯುವ ಜೋಡಿ ತಂತಿಯಲ್ಲೇ ಮನೆ ಸೇರುತ್ತಿತ್ತು. ಊರಿಗೆಲ್ಲ ಕರೆಂಟು ಹೋದಾಗಲೂ ಫೋನು ರಿಂಗಾಗುತ್ತಿದ್ದದ್ದು ಹಾಗೆ. ಈಥರ್ನೆಟ್ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕಳಿಸುವ ‘ಪಿಒಇ’ ಆ ಉಪಾಯದ ವಾರಸುದಾರ. ಸಿಸ್ಕೊ ಕಂಪನಿ ತನ್ನ ಐಪಿ ಫೋನುಗಳಿಗೆ ಮೊದಲೇ ತನ್ನದೊಂದು ವಿಧಾನ ಮಾಡಿಕೊಂಡಿತ್ತು; 2003ರಲ್ಲಿ ಐಇಇಇ ಸಂಸ್ಥೆಯ 802.3ಎಎಫ್ ಬಂದು ಎಲ್ಲ ಕಂಪನಿಗಳಿಗೂ ಒಂದೇ ನಿಯಮವಾಯಿತು.

ಆ ನಿಯಮದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅದರ ಎಚ್ಚರ. ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟಿಗೆ ಏನನ್ನಾದರೂ ಸಿಕ್ಕಿಸಿದ ಕೂಡಲೇ 48 ವೋಲ್ಟ್ ನುಗ್ಗುವುದಿಲ್ಲ. ಸ್ವಿಚ್ಚು ಮೊದಲು 10 ವೋಲ್ಟ್ ಮೀರದಂತೆ ಮೆಲ್ಲಗೆ ತಟ್ಟಿ ನೋಡುತ್ತದೆ. ಆಚೆ ತುದಿಯಲ್ಲಿ ಸುಮಾರು 25 ಕಿಲೋ ಓಮ್‌ನ ರೋಧ ಕಂಡರೆ ಮಾತ್ರ ಅದು ವಿದ್ಯುತ್ತು ಬೇಡುವ ಸಾಧನ ಎಂದರ್ಥ. ಆಮೇಲೆ ಅದರ ಹಸಿವೆಷ್ಟು ಎಂದು ಅಳೆದು, ನಂತರವೇ ಬಡಿಸುತ್ತದೆ. ಕ್ಯಾಮೆರಾ ಕಿತ್ತು ಅದೇ ಜಾಗಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಏನೂ ಸುಡುವುದಿಲ್ಲ, ಏಕೆಂದರೆ ಸಾಧನ ಹೋದ ಅರ್ಧ ಸೆಕೆಂಡಿನೊಳಗೆ ಪೂರೈಕೆ ನಿಲ್ಲುತ್ತದೆ. ಇಷ್ಟೆಲ್ಲ ಭದ್ರತೆಗೆ ಸಾಧನದ ಕಡೆ ಬೇಕಾದದ್ದು ಮುಖ್ಯವಾಗಿ ಒಂದು ಪುಟ್ಟ ರೆಸಿಸ್ಟರ್! ಮಿತವ್ಯಯದ ಇಂಜಿನಿಯರಿಂಗ್ ಎಂದರೆ ಇದು. ಕರೆಂಟು ಆಗಾಗ ಹೋಗುವ ನಮ್ಮಂಥ ಕಡೆ ಇನ್ನೊಂದು ಲಾಭವೂ ಉಂಟು: ಸ್ವಿಚ್ಚಿಗೆ ಒಂದು ಯುಪಿಎಸ್ ಕೊಟ್ಟರೆ ಕಟ್ಟಡದ ಕ್ಯಾಮೆರಾ, ವೈಫೈ, ಫೋನು ಎಲ್ಲವೂ ಬದುಕಿರುತ್ತವೆ.

ತಕರಾರು ಶುರುವಾಗುವುದು ಆಸೆ ಬೆಳೆದ ಮೇಲೆ. 2003ರ ನಿಯಮದಲ್ಲಿ ಸ್ವಿಚ್ಚು ಪೋರ್ಟಿಗೆ 15.4 ವ್ಯಾಟ್ ಕೊಟ್ಟರೆ, ನೂರು ಮೀಟರ್ ಆಚೆಯ ಸಾಧನಕ್ಕೆ ಖಾತ್ರಿಯಾಗಿ ಸಿಗುವುದು 12.95. 2009ರಲ್ಲಿ ಸ್ವಿಚ್ಚು ಕೊಡುವ ಪ್ರಮಾಣ 30ಕ್ಕೆ ಏರಿತು. 2018ರ 802.3ಬಿಟಿಯಲ್ಲಿ 90 ವ್ಯಾಟ್ ಹೊರಟು 71.3 ತಲುಪುತ್ತದೆ. ಅಂದರೆ ದೂರದ ಸಾಧನವೊಂದಕ್ಕೆ ಪೂರ್ಣ ಪ್ರಮಾಣದಲ್ಲಿ ಕೊಡುವಾಗ 18 ವ್ಯಾಟ್‌ಗೂ ಹೆಚ್ಚು, ಎರಡು ಎಲ್‌ಇಡಿ ಬಲ್ಬು ಉರಿಯುವಷ್ಟು, ಗೋಡೆಯೊಳಗಿನ ಕೇಬಲ್ಲನ್ನು ಬಿಸಿ ಮಾಡುವುದರಲ್ಲೇ ಕಳೆಯಬಹುದು. ಅಂಥ ಹತ್ತಾರು ಕೇಬಲ್ಲುಗಳನ್ನು ಒಂದೇ ಕಟ್ಟಿನಲ್ಲಿ ಬಿಗಿದರೆ ನಡುವಿನವುಗಳ ಗತಿ ಹೇಳಬೇಕಿಲ್ಲ. ಫೋನಿಗೆ, ಕ್ಯಾಮೆರಾಕ್ಕೆ, ವೈಫೈಗೆ ಪಿಒಇ ಹೇಳಿಮಾಡಿಸಿದ್ದು. ಟಿವಿ, ಮೇಜಿನ ಕಂಪ್ಯೂಟರುಗಳನ್ನೂ ಅದರ ಹೆಗಲಿಗೇರಿಸುವ ಉತ್ಸಾಹ ನನಗೆ ಪಥ್ಯವಾಗದು. ಅವುಗಳ ಪಕ್ಕದಲ್ಲಿ ಹೇಗೂ ಪ್ಲಗ್ ಇರುತ್ತದೆ.

ಆದರೆ ನಿಜವಾದ ಕೊರತೆ ಇನ್ನೊಂದೆಡೆ ಇದೆ. ಸಾಧನವನ್ನು ಅಷ್ಟೊಂದು ವಿಚಾರಿಸುವ ಈ ವ್ಯವಸ್ಥೆ ನಡುವಿನ ತಂತಿಯನ್ನು ವಿಚಾರಿಸುವುದೇ ಇಲ್ಲ. ಅದು ಶುದ್ಧ ತಾಮ್ರದ್ದೇ ಎಂದು ನಂಬಿಬಿಡುತ್ತದೆ. ಮಾರುಕಟ್ಟೆಯಲ್ಲೋ, ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಲೇಪ ಕೊಟ್ಟ ‘ಸಿಸಿಎ’ ಕೇಬಲ್ಲು ಕ್ಯಾಟ್-6 ಎಂಬ ಹೆಸರು ಹೊತ್ತು ಅಗ್ಗಕ್ಕೆ ಸಿಗುತ್ತದೆ, ಮಾನದಂಡ ಅದನ್ನು ಒಪ್ಪದಿದ್ದರೂ. ಅದರ ರೋಧ ತಾಮ್ರದ ಒಂದೂವರೆ ಪಟ್ಟು. ಡೇಟಾ ಹೇಗೋ ಹರಿಯುತ್ತದೆ, ಆದ್ದರಿಂದ ಹಗಲಲ್ಲಿ ಮೋಸ ತಿಳಿಯುವುದಿಲ್ಲ. ಕತ್ತಲಾಗಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿದಾಗ ಬೇಡಿಕೆ ಏರುತ್ತದೆ, ಉದ್ದದ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ಕಳ್ಳನಿಗೆ ಬೇಕಾದ ಹೊತ್ತಿಗೇ! ಬೈಗುಳ ಮಾತ್ರ ಕ್ಯಾಮೆರಾಕ್ಕೆ.

ಅಗ್ಗದ ಪೆಟ್ಟಿಗೆಗಳ ಕಥೆಯೂ ಇದೇ ಜಾತಿಯದು. ಕೆಲವು ‘ಪ್ಯಾಸಿವ್’ ಪಿಒಇ ಸಾಧನಗಳು ಕೇಳದೆಯೇ 24 ಅಥವಾ 48 ವೋಲ್ಟ್ ತಳ್ಳುತ್ತವೆ. ಮೂಲ ನಿಯಮದ ವಿವೇಕವನ್ನೇ ಕೈಬಿಟ್ಟು ಹೆಸರನ್ನಷ್ಟೇ ಇಟ್ಟುಕೊಂಡಿವೆ. ಎಂಟು ಪೋರ್ಟಿನ ಸ್ವಿಚ್ಚಿನ ಡಬ್ಬಿಯ ಮೇಲೆ ‘ಪೋರ್ಟಿಗೆ 30 ವ್ಯಾಟ್’ ಎಂದು ದಪ್ಪಕ್ಷರದಲ್ಲಿದ್ದರೆ, ಎಂಟಕ್ಕೂ ಸೇರಿ ಇರುವ ಬಜೆಟ್ಟು ಎಷ್ಟೋ ಸಲ ಅದರ ಎಂಟುಪಟ್ಟಿಗಿಂತ ಬಹಳ ಕಡಿಮೆ ಎಂಬ ಸಂಗತಿ ಸಣ್ಣಕ್ಷರದಲ್ಲಿರುತ್ತದೆ. ಕೊಳ್ಳುವವರು ಆ ಒಟ್ಟು ಸಂಖ್ಯೆಯನ್ನೇ ನೋಡಬೇಕು. ಕೇಬಲ್ಲಿನ ಪರೀಕ್ಷೆ ಇನ್ನೂ ಸುಲಭ: ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ಅಂಗಡಿಗೆ ವಾಪಸು ಕೊಡಿ.